ಫೇಸ್‌ಬುಕ್ಕಿಗೆ ಮೌನ ಕಲಿಸಹೋದ ಸಮದ್ ಸಾಹೇಬರು

ಕುರುಗೋಡಿನ ಶಾಖಾ ಗ್ರಂಥಾಲಯದ ಗ್ರಂಥಪಾಲಕ ಅಬ್ದುಲ್ ಸಮದ್ ಸಾಹೇಬರು ನಡೆದರೆ ನೆಲಕ್ಕೂ ಸುಳಿವು ಹತ್ತುತ್ತಿರಲಿಲ್ಲ. ಮಗುವನ್ನು ತೊಟ್ಟಿಲಲ್ಲಿ ಮಲಗಿಸಿ ಹಿಂದೆ ಸರಿಯುವ ತಾಯಿಯ ಹಾಗೆ, ಹಿಮ್ಮಡಿ ಊರದೆ ತುದಿಗಾಲಿನಲ್ಲಿ ಸಾಗುವ ಆ ನಡಿಗೆ ಓದುವ ಕೋಣೆಯಲ್ಲಿ ಹುಟ್ಟಿ, ಕ್ರಮೇಣ ಸಂತೆಗೂ ಮಸೀದಿಗೂ ಬಸ್‌ಸ್ಟ್ಯಾಂಡಿಗೂ ವ್ಯಾಪಿಸಿತ್ತು. ಅದರ ಜೊತೆಗೆ ಬಲಗೈಯ ತೋರುಬೆರಳು: ಎಲ್ಲಿ ಯಾರ ದನಿ ತುಸು ಏರಿದರೂ ಅದು ತಾನಾಗಿ ಬಂದು ತುಟಿಗಳ ಮೇಲೆ ಪ್ರತಿಷ್ಠಾಪನೆಗೊಳ್ಳುತ್ತಿತ್ತು. ಟೊಮೆಟೊ ಮಾರುವವರ ಕೂಗಿಗೆ, ಬಸ್ಸಿನ ಹಾರನ್ನಿಗೆ, ಒಮ್ಮೆ ತಮ್ಮ ಮಗಳ ಮದುವೆಯ ಬ್ಯಾಂಡಿಗೂ ಅವರು "ಶ್" ಎಂದದ್ದನ್ನು ಊರು ಮರೆತಿಲ್ಲ. ಹೆಂಡತಿ ಕುಲ್ಸುಂಬೀಯವರಿಗಂತೂ ಸಾಕುಸಾಕಾಗಿತ್ತು: "ಇದು ನಿಮ್ಮ ಲೈಬ್ರರಿ ಅಲ್ರಿ, ಅಡಿಗಿಮನಿ. ಒಗ್ಗರಣಿಗೂ ಶ್ ಅಂದ್ರ ನಾ ಸಾರು ಹೆಂಗ ಮಾಡ್ಲಿ?"

ಅದು ಸಂಡೂರಿನ ಗುಡ್ಡಗಳು ಲಾರಿ ಹತ್ತಿ ಬಂದರಿನತ್ತ ಹೊರಟಿದ್ದ ಕಾಲ. ಊರಿನ ಹರೆಯದವರೆಲ್ಲ ಅದಿರಿನ ಲಾರಿಗಳ ಡ್ರೈವರುಗಳೋ ಕ್ಲೀನರುಗಳೋ ಆಗಿ ಹೋಗಿ, ಸಾಹೇಬರು ಪ್ರಾಣದಂತೆ ಕಾಪಾಡಿಕೊಂಡು ಬಂದಿದ್ದ ಮೌನಕ್ಕೆ ಭಂಗ ತರುವವರೇ ಇಲ್ಲವಾಗಿದ್ದರು. ಕಟ್ಟಡದ ಮಾಲೀಕ ದೊಡ್ಡಬಸಪ್ಪನವರು ಗ್ರಂಥಾಲಯವಿದ್ದ ಮಹಡಿಯ ಕೋಣೆಯನ್ನು ಟ್ರಾನ್ಸ್‌ಪೋರ್ಟ್ ಆಫೀಸಿಗೆ ಕೊಡಲು ಹವಣಿಸುತ್ತಿದ್ದರು. ಬಳ್ಳಾರಿಯ ಮೇಲಧಿಕಾರಿ ಮೈಲಾರಲಿಂಗಪ್ಪನವರೂ ಹೇಳಿಬಿಟ್ಟಿದ್ದರು: "ನಾನೇ ಬಂದು ನೋಡ್ತೀನಿ ಸಮದ್. ಓದೋ ಮಂದಿ ಕಾಣಲಿಲ್ಲಂದ್ರ ಬೀಗ ಹಾಕಿ, ಪುಸ್ತಕ ಎಲ್ಲಾ ಸಿರುಗುಪ್ಪಕ್ಕ ಸಾಗಿಸಿಬಿಡೋಣ."

ಅಷ್ಟರಲ್ಲಿ ಬಳ್ಳಾರಿಯ ಕಂಟೋನ್ಮೆಂಟಿನ ಸಭಾಂಗಣವೊಂದರಲ್ಲಿ ಗ್ರಂಥಪಾಲಕರಿಗೆಲ್ಲ ಒಂದು ತರಬೇತಿಯಾಯಿತು. ಬ್ಲಾಗು, ಆರ್ಕುಟ್ಟು, ಟ್ವಿಟರು, ಫೇಸ್‌ಬುಕ್ಕು ಎಂದು ನಾಲ್ಕು ದಿಕ್ಕಿಗೂ ಕೈಬೀಸಿದ ತಜ್ಞರು, ಓದುಗರು ಎಲ್ಲಿದ್ದಾರೋ ಅಲ್ಲಿಗೆ ಗ್ರಂಥಾಲಯವೇ ನಡೆದು ಹೋಗಬೇಕು ಎಂದರು. ನಡೆಯುವುದೆಂದರೆ ಸಾಹೇಬರಿಗೆ ಒಂದೇ ಬಗೆ ಗೊತ್ತು. ಇಂಟರ್ನೆಟ್ ಸೆಂಟರಿನ ಮುಬಶೀರನ ಪಕ್ಕ ಕುಳಿತು ಗ್ರಂಥಾಲಯದ ಹೆಸರಿನಲ್ಲಿ ಫೇಸ್‌ಬುಕ್ ಪುಟ ತೆರೆಸಿದವರೇ, ಮೊದಲ ಚಿತ್ರವಾಗಿ "ಮೌನವಾಗಿರಿ" ಎಂಬ ಫಲಕವನ್ನು ಹಾಕಿಸಿದರು. ಕೆಳಗೆ "ಸೂಪರ್ ಸರ" ಎಂದು ಹೊನ್ನೂರಸ್ವಾಮಿ ಎಂಬ ಲಾರಿ ಡ್ರೈವರನ ಮಾತು ಬಂತು.

"ಬರಿಯಪ್ಪಾ ಮುಬಶೀರ್: ದಯವಿಟ್ಟು ನಿಶ್ಶಬ್ದ."

"ಭಾಯ್, ಮಂದಿ ಮಾತಾಡಾಕಂತಾನ ಇದನ್ನ ಮಾಡ್ಯಾರ."

"ಮ್ಯಾಲ ಯಾರ ಹೆಸರೈತಿ? ಲೈಬ್ರರಿದು. ಅಂದ ಮ್ಯಾಲ ಅದೂ ಲೈಬ್ರರಿನ. ಬರಿ."

ಮುಬಶೀರ ಹಣೆ ಚಚ್ಚಿಕೊಂಡು ಬರೆದ. ಆದರೆ ಬಾಯಿ ತೆರೆಯದೆ ಹೆಬ್ಬೆರಳನ್ನಷ್ಟೇ ಎತ್ತಿ ತೋರಿಸುವ ಆ ಲೈಕ್ ಎಂಬ ಪದ್ಧತಿ ಸಾಹೇಬರಿಗೆ ಪರಮ ಸಂಸ್ಕಾರವಂತವಾಗಿ ಕಂಡಿತು. "ನೋಡು, ಇವರು ಒಳ್ಳೆ ಮನಿತನದ ಓದುಗರು," ಎಂದರು.

ಅದಿರು ತೂಕ ಹಾಕುವ ಜಾಗದ ಮುಂದೆ ಲಾರಿಗಳ ಸಾಲು ಹೊತ್ತಿಳಿಯುವ ತನಕ ಅಲುಗುತ್ತಿರಲಿಲ್ಲ. ಆ ಸಾಲಿನಲ್ಲಿ ಬೇಯುತ್ತಿದ್ದ ಡ್ರೈವರುಗಳಿಗೆ ಮೊಬೈಲಿನಲ್ಲಿ ಸಮದ್ ಸಾಹೇಬರನ್ನು ಕೆಣಕುವುದೇ ಒಂದು ವಿನೋದವಾಯಿತು. ಒಬ್ಬ "ಊಟ ಆತೇನ್ರಿ ಸಾಹೇಬ್ರ?" ಎನ್ನುವನು, "ಶ್" ಎಂದು ಉತ್ತರ ಬರುವುದು. ಮತ್ತೊಬ್ಬ "ಸಾಲಿನ್ಯಾಗ ಕುಂತು ಬ್ಯಾಸರಾಗೈತ್ರಿ" ಎನ್ನುವನು; "ಮಾತು ಬ್ಯಾಡ, ಪುಸ್ತಕ ಒಯ್ಯಿ" ಎಂದು ಗದರಿಕೆ ಬರುವುದು. ಗದರಿಸಿಕೊಂಡವರು ತಮಾಷೆಗೆಂದು ಬಂದು ಒಯ್ದರು, ಲಾರಿಯ ಕ್ಯಾಬಿನ್ನಿನಲ್ಲಿ ಓದಿದರು, ಮತ್ತೆ ಬಂದರು. ಅವರ ಮನೆಯವರೂ ಬರತೊಡಗಿದರು. ಆದರೆ ಒಯ್ದು ಓದುವವರು ಕುರ್ಚಿಯಲ್ಲಿ ಕಾಣುವುದುಂಟೆ? ಕೋಣೆ ನೋಡುವವರಿಗೆ ಖಾಲಿಯೇ. ಅಧಿಕಾರಿ ಬರುವ ದಿನ ಗೊತ್ತಾದಾಗ ಸಾಹೇಬರು ಬರೆಸಿದರು: "ಶುಕ್ರವಾರ ಎಲ್ಲರೂ ಬರಬೇಕು. ಬಂದು ಸದ್ದು ಮಾಡದೆ ಕೂಡಬೇಕು. ಇಲ್ಲವಾದರೆ ಲೈಬ್ರರಿ ಉಳಿಯುವುದಿಲ್ಲ."

ಬಂದರು. ಕುರ್ಚಿ ತುಂಬಿ, ಕಿಟಕಿಯ ಕಟ್ಟೆ ತುಂಬಿ, ನೆಲ ತುಂಬಿತು. ಮೈಲಾರಲಿಂಗಪ್ಪನವರು ಬಾಗಿಲಲ್ಲೇ ಬೆರಗಾಗಿ ನಿಂತು, ಹತ್ತಿರವಿದ್ದ ಹೊನ್ನೂರಸ್ವಾಮಿಯನ್ನು ಕೇಳಿದರು: "ಏನಪ್ಪಾ, ಏನು ಓದ್ತೀ?"

ಹೊನ್ನೂರಸ್ವಾಮಿ ವಿನಯದಿಂದ ಹೆಬ್ಬೆರಳು ಎತ್ತಿದ.

"ಯಾವ ಪುಸ್ತಕ ಅಂದೆ."

ಇನ್ನೊಂದು ಕೈಯ ಹೆಬ್ಬೆರಳೂ ಎದ್ದಿತು. ಮೆಣಸಿನಕಾಯಿ ವ್ಯಾಪಾರದ ಪಂಪಾವತಿಯನ್ನು ಕೇಳಿದರೆ ಆಕೆ ಕಣ್ಣರಳಿಸಿ ಸಾಹೇಬರತ್ತ ನೋಡಿದಳು. ಯಾರೊಬ್ಬರ ತುಟಿಯೂ ಅಲುಗಲಿಲ್ಲ. ಮೆರವಣಿಗೆಗೆ ಮಂದಿಯನ್ನು ಊಟ ಹಾಕಿಸಿ ಲಾರಿಯಲ್ಲಿ ತರುತ್ತಿದ್ದ ಕಾಲವದು. ಅಧಿಕಾರಿಯ ಮುಖ ಕಪ್ಪಿಟ್ಟಿತು. "ಬಾಡಿಗಿ ಮಂದೀನ ಕೂಡಿಸೀರೇನು ಸಮದ್? ಇವರಿಗೆ ಪುಸ್ತಕದ ಹೆಸರೂ ಬರಂಗಿಲ್ಲಲ್ಲ! ನಾಳೆನ ಬೀಗ ಹಾಕ್ರಿ."

ಸಾಹೇಬರು ತಮ್ಮ ಜನರನ್ನು ನೋಡಿದರು. ಜನ ಸಾಹೇಬರ ಅಪ್ಪಣೆಗೆ ಕಾದಿದ್ದರು. ತುಟಿಯತ್ತ ಏರುತ್ತಿದ್ದ ಅವರ ತೋರುಬೆರಳು ಅರ್ಧದಲ್ಲೇ ಕೆಳಗಿಳಿಯಿತು. ಆಮೇಲೆ, ಸೇವೆಗೆ ಸೇರಿದಂದಿನಿಂದ ಆ ಕೋಣೆ ಕೇಳದಂಥ ದನಿ ಹೊರಟಿತು:

"ಮಾತಾಡ್ರೋ! ಲೇ ಹೊನ್ನೂರಸ್ವಾಮಿ, ಬಾಯಿ ಬಿಡಲೇ!"

ಕಾಲುವೆಯ ತೂಬು ಎತ್ತಿದಂತಾಯಿತು. "ಸರ, ಆ ಪತ್ತೇದಾರಿ ಕಾದಂಬರಿ ಎರಡನೇ ಭಾಗ ಯಾವನೋ ಒಯ್ದು ಕುಂತಾನ್ರಿ, ಕೊಲಿ ಯಾರು ಮಾಡಿದ್ರು ತಿಳೀದ ನನಗ ಸ್ಟೇರಿಂಗ್ ಹಿಡಿಯಾಕ ಮನಸಿಲ್ರಿ!" "ಲೇ, ನನ್ ಹತ್ರ ಐತಿ, ಕೊಲಿ ಮಾಡಿದ್ದು ಅವನ ಮಾವ!" "ಹೇಳಬ್ಯಾಡಲೇ ಹಾಳಾದವನ!" ನಡುವೆ ಪಂಪಾವತಿ ಅಧಿಕಾರಿಯ ದಾರಿಗೆ ಅಡ್ಡ ನಿಂತಳು: "ಸಾಹೇಬ್ರ, ನಿಮ್ಮ ಅಡಿಗಿ ಪುಸ್ತಕದಾಗ ಉಪ್ಪಿನಕಾಯಿಗೆ ಉಪ್ಪು ಭಾಳ ಕಮ್ಮಿ ಬರದಾರ. ನಂದು ಜಾಡಿಗಟ್ಲೆ ಬೂಷ್ಟು ಹಿಡದೈತಿ. ಬರದವ್ರಿಗೆ ಹೇಳ್ರಿ!" ಜಗಳ ಬಿಡಿಸಲೆಂದು ಕೆಳಗಿನಿಂದ ಓಡಿಬಂದ ದೊಡ್ಡಬಸಪ್ಪನವರಿಗೆ ಒಳಗೆ ಕಾಲಿಡಲು ಜಾಗ ಸಿಗಲಿಲ್ಲ. ಮೈಲಾರಲಿಂಗಪ್ಪನವರು ಕಿವಿ ಮುಚ್ಚಿಕೊಂಡು, ನಗು ತಡೆಯಲಾರದೆ ಕೂಗಿ ಹೇಳಿದರು: "ಬೀಗ ಬ್ಯಾಡ ಸಮದ್! ಕುರ್ಚಿ ಕಳಸ್ತೀನಿ!"

ಅಂದು ಸಂಜೆ ಸಾಹೇಬರು ಮುಬಶೀರನಲ್ಲಿಗೆ ಹೋಗಿ ಬರೆಸಿದ್ದು ಇಷ್ಟು: "ಎಲ್ಲರಿಗೂ ಧನ್ಯವಾದ. ಇವತ್ತಿನ ಗದ್ದಲವನ್ನು ಕ್ಷಮಿಸಲಾಗಿದೆ."

ಒಂದು ಸಣ್ಣ ಶಿಸ್ತಿಗೆ ಇಡೀ ಮೈಯನ್ನು ಒಪ್ಪಿಸಿಕೊಂಡು, ಲೋಕ ತಾಳ ಬದಲಿಸಿದ್ದು ತಿಳಿಯದೆ ಹಳೆಯ ಲಯದಲ್ಲೇ ಬದುಕುವ ಇಂಥವರು ಎಲ್ಲ ಊರುಗಳಲ್ಲೂ ಇರುತ್ತಾರೆ. ಅವರನ್ನು ಕಂಡು ನಗುವುದು ಸುಲಭ. ಆದರೆ ನಗಲೆಂದೇ ದಿನವೂ ಅವರ ಬಾಗಿಲಿಗೆ ಹೋದವರು ಯಾವಾಗಲೋ ಆ ಮನೆಯ ಮಂದಿಯೇ ಆಗಿಬಿಟ್ಟಿರುತ್ತಾರೆ. ತಾವು ಕಾಯುತ್ತಿರುವುದು ಮೌನವನ್ನು ಎಂದೇ ಇಂಥವರು ಕೊನೆಯವರೆಗೂ ನಂಬುತ್ತಾರೆ. ನಂಬಲಿ ಬಿಡಿ. ಅವರು ಕಾದದ್ದರಿಂದಲೇ ಊರಿನ ಮಂದಿಗೆ ಮಾತಾಡಲು ಒಂದಿಷ್ಟು ಒಳ್ಳೆಯ ವಿಷಯ ಉಳಿದಿರುತ್ತದೆ.