ಸೊನ್ನೆ ಬರೆದವರ ನಿದ್ದೆ

ಬುರ್ಮಾಕಾನ್ ಅಜ್ಜಿಗೆ ಮೈಯೆಲ್ಲ ಉರಿದುಹೋಯಿತು. ಹುಲ್ಲುಗಾವಲು ಸಮಿತಿಯ ಅಧ್ಯಕ್ಷೆ ಎಂದು ಅವಳ ರುಜು ಕೇಳಲು ಬಂದಿದ್ದ, ಗಣಿಯವರಿಗಾಗಿ ಇಳಿಜಾರಿನ ಪ್ರಾಣಿಗಳನ್ನು ಎಣಿಸುವ ಇಲ್ಗಿಜ್‌ನ ಕಾಗದದಲ್ಲಿ ‘ಮಾರ್ಮಟ್: ಸೊನ್ನೆ’ ಎಂದಿತ್ತು. ಬೇಸಿಗೆಯಿಡೀ ಬಿಲದ ಬಾಯಲ್ಲಿ ಎದ್ದುನಿಂತು ಸಿಳ್ಳೆ ಹಾಕಿ ಅವಳ ತಲೆ ಚಿಟ್ಟು ಹಿಡಿಸಿದ್ದ ಆ ಡುಮ್ಮ ಪ್ರಾಣಿಗಳು ಸೊನ್ನೆಯಂತೆ! ಅವುಗಳ ಹಳೆಯ ಬಿಲದಲ್ಲೇ ನರಿ ಮರಿ ಹಾಕುವುದು, ಅವುಗಳಿಂದಲೇ ಹದ್ದಿನ ಹೊಟ್ಟೆ ತುಂಬುವುದು. ಇವನ ಸೊನ್ನೆ ಮೇಲಕ್ಕೆ ಹೋದರೆ ಮುಗಿಯಿತು, ಹಿಮ ಕರಗುವ ಮೊದಲೇ ವಿದ್ಯುತ್ ಕಾರಿನ ಲೋಹಕ್ಕಾಗಿ ಇಡೀ ಇಳಿಜಾರನ್ನು ಬಗೆದುಹಾಕುತ್ತಾರೆ.

“ನಾಲ್ಕು ದಿನ ಸುತ್ತಿದೀವಿ ಅಜ್ಜಿ. ಒಂದು ಬಾಲನೂ ಕಾಣಲಿಲ್ಲ.”

“ಮಲಗಿದಾವೆ ಮಗಾ. ಇನ್ನು ವಸಂತಕ್ಕೇ ಏಳೋದು.”

“ಕಂಡಿದ್ದನ್ನಷ್ಟೇ ಬರೀಬೇಕು. ಅದೇ ನಿಯಮ.”

“ಒಳ್ಳೆ ನಿಯಮ ಬಿಡು. ಮೊದಲು ಊಟ, ಆಮೇಲೆ ರುಜು.”

ಅತಿಥಿ ಬಟ್ಟಲನ್ನು ಒಲ್ಲೆ ಎನ್ನುವಂತಿಲ್ಲ. ಅಜ್ಜಿ ಇಲ್ಗಿಜ್‌ಗೂ ಅವನ ಇಬ್ಬರು ಜೊತೆಗಾರರಿಗೂ ಕುರಿಮಾಂಸ ಬಡಿಸಿ, ಹುಳಿ ಬಂದು ಅಮಲೇರಿಸುವ ಕುದುರೆ ಹಾಲನ್ನು ಬಟ್ಟಲಿನ ಮೇಲೆ ಬಟ್ಟಲು ಸುರಿದಳು. ಸ್ವಲ್ಪ ಹೊತ್ತಿಗೇ ಮೂವರೂ ಗುಡಾರದಲ್ಲಿ ಬಿದ್ದುಕೊಂಡು ಗೊರಕೆ ಹೊಡೆಯತೊಡಗಿದರು.

ಹೇಗೂ ಅದು ಗುಡಾರ ಬಿಚ್ಚಿ ಊರಿಗೆ ಇಳಿಯುವ ದಿನ. ಅಜ್ಜಿ ಸೊಸೆಯರಿಗೆ ಕಣ್ಸನ್ನೆ ಮಾಡಿದಳು. ಕಂಬಳಿ ಸುತ್ತಿದರು, ಗಳುಗಳನ್ನು ಇಳಿಸಿದರು, ಜಾಲರಿ ಗೋಡೆ ಮಡಚಿ ಲಾರಿಗೆ ಏರಿಸಿದರು. ಅತಿಥಿಗಳಿಗೆ ನೆಗಡಿಯಾಗಬಾರದಲ್ಲ, ಒಬ್ಬೊಬ್ಬರ ಮೇಲೂ ಒಂದೊಂದು ಕೌದಿ ಹೊದಿಸಿದರು.

ಮೂಗಿಗೆ ತಣ್ಣನೆ ಗಾಳಿ ಬಡಿದು ಇಲ್ಗಿಜ್ ಕಣ್ಣು ಬಿಟ್ಟ. ಮೇಲೆ ಬರೀ ಆಕಾಶ. ಪಕ್ಕದಲ್ಲಿ ಸ್ಟೂಲಿನ ಮೇಲೆ ಅಜ್ಜಿ ಕೂತಿದ್ದಳು. ಅವನದೇ ಕಾಗದದ ಬೆನ್ನಿಗೆ ಬರೆದು, ಸಮಿತಿಯ ಮೊಹರು ಒತ್ತಿದ್ದಳು: ‘ಮೂರು ಗಂಟೆಗೆ ನೋಡಿದೆ. ಓಡಾಡುವ ಮನುಷ್ಯರು ಸೊನ್ನೆ. ಮನೆ ಸೊನ್ನೆ. ಅಗೆಯಲು ಅಡ್ಡಿಯಿಲ್ಲ.’

“ನಾವು ಇಲ್ಲೇ ಇದ್ವಲ್ಲ ಅಜ್ಜಿ.”

“ಇದ್ರೇನೋ. ಒಂದು ಸಿಳ್ಳೆನೂ ಕೇಳಲಿಲ್ಲಪ್ಪ. ಕಂಡಿದ್ದನ್ನ ಬರೆದೆ.”

ಜೊತೆಗಾರರು ಕೌದಿಯೊಳಗೇ ಕಿಸಕ್ಕೆಂದರು. ಇಲ್ಗಿಜ್‌ನ ಮುಖ ಕೆಂಪಾಯಿತು. “ಆದ್ರೆ ಬಿಲ ಖಾಲಿನೂ ಇರಬಹುದಲ್ಲ? ಒಳಗಿದಾವೆ ಅನ್ನೋಕೆ ಏನು ಗುರುತು?”

ಅಜ್ಜಿ ಅವನ ತೋಳು ಹಿಡಿದು ಹತ್ತಿರದ ಬಿಲಕ್ಕೆ ಎಳೆದೊಯ್ದಳು. ಅದರ ಗಂಟಲಿನ ತುಂಬ ಮಣ್ಣು, ಕಲ್ಲು, ಒಣಹುಲ್ಲು ಬಿಗಿಯಾಗಿ ಗಿಡಿದಿತ್ತು. ಅವಳು ಕೋಲಿನಿಂದ ಮೆಲ್ಲಗೆ ತಟ್ಟಿದಳು.

“ಖಾಲಿ ಮನೆಗೆ ಒಳಗಿಂದ ಯಾರು ಮಗಾ ಚಿಲಕ ಹಾಕ್ತಾರೆ?”

ಇಲ್ಗಿಜ್ ಮಂಡಿಯೂರಿ ಆ ಮಣ್ಣನ್ನು ಮುಟ್ಟಿ ನೋಡಿದ. ತಲೆಯೆತ್ತಿದರೆ ಇಳಿಜಾರಿನುದ್ದಕ್ಕೂ ಅಂಥವೇ ಮುಚ್ಚಿದ ಬಾಯಿಗಳು. ಕಾಗದದ ಸೊನ್ನೆಯನ್ನು ಹೊಡೆದುಹಾಕಿ, ಮೊದಲಿನಿಂದ ಎಣಿಸಲು ಹೊರಟ. ಅಜ್ಜಿ ಲಾರಿಯನ್ನು ನಿಲ್ಲಿಸಿಕೊಂಡು, ಪೆನ್ನು ಹಿಡಿದು ಅವನ ಹಿಂದೆಯೇ ನಡೆದಳು. ಅರವತ್ತಮೂರನೆಯ ಬಿಲಕ್ಕೆ ಬರುವಷ್ಟರಲ್ಲಿ ಅವನು ತನಗೇ ಗೊತ್ತಿಲ್ಲದೆ ಪಿಸುಗುಟ್ಟಿ ಎಣಿಸುತ್ತಿದ್ದ.