ಕಾಯಿದೆ ಬರೂತನಕ

ಬೈಲಹೊಂಗಲದ ಖಾಸಗಿ ಆಸ್ಪತ್ರೆಯೊಂದರಲ್ಲಿ ಬಾಗಿಲ ಪಕ್ಕದ ಮೇಜು ಮೃಣಾಲಿನಿಯದು. ಸರ್ಕಾರದ ಆರೋಗ್ಯ ಕಾರ್ಡು ಹಿಡಿದು ಬಂದವರಿಗೆ ಅದು ಎಲ್ಲಿ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ ಎಂದು ಹೇಳುವುದೇ ಅವಳ ಕೆಲಸ. ಹನ್ನೊಂದು ವರ್ಷದಿಂದ ಹೆಚ್ಚಾಗಿ ‘ನಡೆಯುವುದಿಲ್ಲ’ ಎಂದೇ ಹೇಳಿ ಅವಳ ದನಿ ಮೆತ್ತಗಾಗಿಬಿಟ್ಟಿತ್ತು. ಬೈದರೆ ತಲೆ ತಗ್ಗಿಸುತ್ತಿದ್ದಳು, ಅತ್ತರೆ ನೀರಿನ ಬಾಟಲಿ ಮುಂದಿಡುತ್ತಿದ್ದಳು, ಸಂಜೆ ಮುನವಳ್ಳಿಯ ಬಸ್ಸು ಹಿಡಿದು ಮನೆಗೆ ಹೋಗುತ್ತಿದ್ದಳು.

ಕಟಕೋಳದ ಮಹಾಂತಪ್ಪ ತನ್ನ ಹೆಂಡತಿ ಸಿದ್ದಲಿಂಗವ್ವನನ್ನು ಕರೆತಂದದ್ದು ದೀಪಾವಳಿ ಮುಗಿದ ವಾರ. ಅವನು ಹಂಗಾಮಿನಲ್ಲಿ ಟ್ರ್ಯಾಕ್ಟರಿನಿಂದ ಎಂ.ಕೆ. ಹುಬ್ಬಳ್ಳಿಯ ಕಾರ್ಖಾನೆಗೆ ಕಬ್ಬು ಸಾಗಿಸುವವನು. ಅವಳಿಗೆ ನಲವತ್ತೊಂದು ವರ್ಷ; ಹೃದಯದ ಕವಾಟವೊಂದು ಕೆಟ್ಟಿತ್ತು. ನಾಲ್ಕೇ ಮೆಟ್ಟಿಲು ಹತ್ತಿ ಬಂದವಳು ಕುರ್ಚಿಯಲ್ಲಿ ಕುಸಿದು, ಉಸಿರು ಸಿಕ್ಕ ಮೇಲೆ ಮೊದಲು ಕೇಳಿದ್ದು, “ನಿಮ್ಮ ಊಟ ಆತೇನ್ರಿ, ಅಕ್ಕಾರ?”

ಅವಳ ತೊಡಕು ಮೃಣಾಲಿನಿಗೆ ಹೊಸದಾಗಿರಲಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಸರದಿ ಬರಲು ಎಂಟು ತಿಂಗಳು ಬೇಕು. ಬೆಳಗಾವಿಯ ಖಾಸಗಿ ಆಸ್ಪತ್ರೆಯಲ್ಲಿ ನಾಳೆಯೇ ಆಪರೇಷನ್ ಆಗಬಹುದು, ಆದರೆ ಅಲ್ಲಿ ಕಾರ್ಡು ನಡೆಯಬೇಕಾದರೆ ಸರ್ಕಾರಿ ಆಸ್ಪತ್ರೆಯವರೇ ಚೀಟಿ ಬರೆದುಕೊಡಬೇಕು. ಅವರು, ‘ನಮ್ಮಲ್ಲೇ ಮಾಡುತ್ತೇವಲ್ಲ, ಚೀಟಿ ಯಾಕೆ?’ ಎನ್ನುತ್ತಾರೆ.

“ಚೀಟಿ ಗೊಡವಿ ಬ್ಯಾಡ ಬಿಡ್ರಿ,” ಎಂದ ಮಹಾಂತಪ್ಪ. “ಟ್ರ್ಯಾಕ್ಟರ್ ಮಾರತೇನಿ. ಕಿತ್ತೂರಿನ ಗೌರೀಶ ಅನ್ನಾಂವ ನೋಡಿ ಹೋಗ್ಯಾನ. ಐತವಾರ ಬಂದು ಒಯ್ಯತಾನಂತ.”

ಆಗಲೇ ಮೃಣಾಲಿನಿ ಆ ಮಾತು ಹೇಳಿದ್ದು.

ಹಿಂದಿನ ದಿನ ಬೆಳಿಗ್ಗೆ ಅವಳ ತಂದೆ ವೆಂಕಣ್ಣ, ಸಂಸ್ಕೃತ ಕಲಿಸಿ ನಿವೃತ್ತರಾದವರು, ಪತ್ರಿಕೆಯ ಸುದ್ದಿಯನ್ನು ಗಟ್ಟಿಯಾಗಿ ಓದಿದ್ದರು. ಸರ್ಕಾರ ಆರೋಗ್ಯ ವಿಮೆಯ ಹೊಸ ಮಸೂದೆ ತರುತ್ತಿದೆ. ಕಾರ್ಡು ಇದ್ದವರು ಚೀಟಿಯಿಲ್ಲದೆ ಬೇಕಾದ ಆಸ್ಪತ್ರೆಗೆ ಹೋಗಬಹುದು. ಮೃಣಾಲಿನಿ ಆಫೀಸಿನಲ್ಲಿ ಕರಡು ಹುಡುಕಿ ಪ್ರಿಂಟು ತೆಗೆದಿದ್ದಳು. ಇಷ್ಟು ವರ್ಷದಲ್ಲಿ ಮೊದಲ ಸಲ ಮೇಜಿನ ಆಚೆಗಿರುವವರಿಗೆ ಕೊಡಲು ಅವಳ ಕೈಯಲ್ಲಿ ಏನೋ ಇತ್ತು.

“ಟ್ರ್ಯಾಕ್ಟರ್ ಮಾರಬ್ಯಾಡ್ರಿ,” ಎಂದಳು. “ಕಾಯಿದೆ ಬರಲಿಕ್ಕತ್ತದ. ಬೆಳಗಾವಿ ಅಧಿವೇಶನದಾಗ ಪಾಸ್ ಆಗ್ತದ. ಆಮ್ಯಾಲ ಒಂದು ಪೈಸಾ ಬೀಳೂದಿಲ್ಲ.”

“ಎಷ್ಟ ದಿನಾ ಕಾಯಬೇಕ್ರಿ?”

“ತಿಂಗಳೊಪ್ಪತ್ತು.”

ಅವರನ್ನು ಅಲ್ಲೇ ಕೂರಿಸಿ ಅವಳು ಸಿದ್ದಲಿಂಗವ್ವನ ರಿಪೋರ್ಟು ಹಿಡಿದು ಡಾಕ್ಟರ ಕೋಣೆಗೆ ಹೋಗಿ, ಅಷ್ಟು ದಿನ ಕಾಯಬಹುದೇ ಎಂದು ಕೇಳಿದಳು. ಅವರು ಕಂಪ್ಯೂಟರಿನಿಂದ ಕಣ್ಣೆತ್ತದೆ ಹೇಳಿದರು: “ಗುಳಿಗಿ ಮ್ಯಾಲ ಒಂದೆರಡು ತಿಂಗಳು ತಡೀಬಹುದು. ಆದರ ಖಾತ್ರಿ ಇಲ್ಲ, ತಡಾ ಮಾಡದಿದ್ರ ಚಲೋ.” ಮೃಣಾಲಿನಿ ಹೊರಗೆ ಬಂದು ಆ ಮಾತಿನ ಮೊದಲರ್ಧವನ್ನಷ್ಟೇ ಹೇಳಿದಳು. ಉಳಿದರ್ಧವನ್ನು ಬೇಕೆಂದೇ ಮುಚ್ಚಿಟ್ಟಳೆನ್ನುವಂತಿಲ್ಲ. ಸಿದ್ದಲಿಂಗವ್ವನ ಮುಖ ಅರಳಿದ್ದು ಕಂಡು ಅದು ಬಾಯಿಗೆ ಬರಲಿಲ್ಲ, ಅಷ್ಟೆ. ಕರಡಿನ ಪುಟವನ್ನೂ ಮಹಾಂತಪ್ಪನ ಕೈಗೆ ಕೊಟ್ಟಳು.

ಡಿಸೆಂಬರಿನಲ್ಲಿ ಮಸೂದೆ ಮಂಡನೆಯಾಯಿತು. ಕಡೆಯ ದಿನ ಗದ್ದಲವೆದ್ದು, ಪರಿಶೀಲನೆಗೆಂದು ಅದನ್ನು ಸಮಿತಿಗೆ ಒಪ್ಪಿಸಿ ಸದನ ಎದ್ದಿತು.

ಮರುದಿನವೇ ಮಹಾಂತಪ್ಪನ ಫೋನು. “ಅಕ್ಕಾರ, ಟಿವ್ಯಾಗ ಸಮಿತಿ ಗಿಮಿತಿ ಅನ್ನಾಕತ್ತಾರ. ಹಂಗಂದ್ರೇನ್ರಿ?”

ಈಗ ಮಾರಿಬಿಡಿ ಎನ್ನಬೇಕಿತ್ತು. ಹಾಗೆಂದರೆ ಮೊದಲು ಆಡಿದ ಮಾತು ತಪ್ಪಾಗಿತ್ತೆಂದು ಒಪ್ಪಿಕೊಂಡಂತೆ. “ಸ್ವಲ್ಪ ತಡಾ ಆಗ್ತದ, ಅಷ್ಟ,” ಎಂದಳು. “ಮುಂದಿನ ಅಧಿವೇಶನದಾಗ ಪಕ್ಕಾ.” ಮರುದಿನ ಬೆಳಿಗ್ಗೆ ತಾನೇ ಫೋನು ಮಾಡಿ, “ಕಾಯಬ್ಯಾಡ್ರಿ, ಗೌರೀಶಗ ಹೇಳಿಕಳಸ್ರಿ,” ಎಂದಳು. ಗೌರೀಶ ಅಷ್ಟರಲ್ಲಿ ಸವದತ್ತಿಯಲ್ಲಿ ಬೇರೆ ಟ್ರ್ಯಾಕ್ಟರ್ ಕೊಂಡಾಗಿತ್ತು. “ಇನ್ನೊಬ್ಬರನ್ನ ನೋಡತೇನ್ರಿ,” ಎಂದ ಮಹಾಂತಪ್ಪ. ಅವನ ದನಿಯಲ್ಲಿ ಅವಸರವಿರಲಿಲ್ಲ. ಅವಸರ ಯಾಕೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಸಂಕ್ರಾಂತಿ ಕಳೆದು ನಾಲ್ಕು ದಿನಕ್ಕೆ, ಗುಳಿಗೆ ಮುಗಿದಿರಬೇಕೆಂದು ಮೃಣಾಲಿನಿ ಮತ್ತೆ ಫೋನು ಮಾಡಿದಳು. ಎತ್ತಿದವಳು ಮಗಳು ಸಪ್ನಾ.

“ಅವ್ವ ತೀರಿಕೊಂಡಳ್ರಿ. ಭೋಗಿ ದಿನಾ, ಎಳ್ಳು ಹಚ್ಚಿದ ರೊಟ್ಟಿ ಬಡಿಯಾಕ ಕುಂತಿದ್ದಳು. ದವಾಖಾನಿಗಂತ ಒಯ್ದ್ವಿ, ಯರಗಟ್ಟಿ ಮುಟ್ಟೂದ್ರೊಳಗ ಮುಗೀತು.”

ಆ ಐತವಾರ ಅವಳು ಕಟಕೋಳಕ್ಕೆ ಹೋದಳು. ಹೇಳಬೇಕಾದದ್ದನ್ನು ಬಸ್ಸಿನುದ್ದಕ್ಕೂ ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದಳು. ಮಹಾಂತಪ್ಪ ಕಟ್ಟೆಯ ಮೇಲೆ ಕಂಬಳಿ ಹಾಸಿ, “ಕುಂದರ್ರಿ,” ಎಂದ. ಸಪ್ನಾ ಚಹಾ ಮಾಡಲು ಒಳಗೆ ಹೋದಾಗ ಮೃಣಾಲಿನಿ ಜೋಡಿಸಿದ್ದನ್ನೆಲ್ಲ ಮರೆತು, ಒಂದೇ ಉಸಿರಿಗೆ ಹೇಳಿಬಿಟ್ಟಳು: “ತಡಾ ಮಾಡಬ್ಯಾಡ್ರಿ ಅಂತ ಡಾಕ್ಟರ್ ಅಂದಿದ್ರು. ನಾ ನಿಮಗ ಹೇಳಲಿಲ್ಲ.”

ಅವನು ಒಳಬಾಗಿಲ ಕಡೆ ನೋಡಿದ. ಬೈಯುತ್ತಾನೆ ಎಂದುಕೊಂಡಳು. ಬೈದಿದ್ದರೆ ತಲೆ ತಗ್ಗಿಸುವುದಾದರೂ ಅವಳಿಗೆ ಗೊತ್ತಿತ್ತು.

“ಮಾರೂ ಮನಸು ನನಗೂ ಇದ್ದಿದ್ದಿಲ್ರಿ,” ಎಂದ, ಒಳಗೆ ಕೇಳಿಸದಂತೆ. “ಹಂಗಾಮು ಜೋರಿತ್ತು. ನೀವು ಬ್ಯಾಡಂದ್ರಿ. ಯಾರರ ಹಂಗ ಅನ್ನಲಿ ಅಂತನ ನಾ ಕಾಯಾಕತ್ತಿದ್ನಿ. ಹುಡುಗಿ ಮುಂದ ಇದನ್ನ ಆಡಬ್ಯಾಡ್ರಿ. ತಪ್ಪು ನಿಮ್ಮದೂ ಅಲ್ಲ, ನಂದೂ ಅಲ್ಲ, ಸರಕಾರ ತಡಾ ಮಾಡ್ತು ಅಂತ ಆಕಿ ತಿಳಕೊಂಡಾಳ. ಹಂಗ ಇರಲಿ.”

ಚಹಾ ಬಂತು. ಕುಡಿಯಲೇಬೇಕಾಯಿತು.

ಅವಳು ಏಳುವಷ್ಟರಲ್ಲಿ ಮೂರು ಮನೆ ಆಚೆಯ ಪದ್ಮವ್ವ ಬಂದಳು, ಹೊಟ್ಟೆಯಲ್ಲಿ ಗಂಟಾಗಿದ್ದ ವಿಧವೆ. ಕೈಯಲ್ಲಿ ಕರಡಿನ ಅದೇ ಪುಟದ ಝೆರಾಕ್ಸು. ಊರಲ್ಲಿ ಏಳೆಂಟು ಮನೆಗಳಲ್ಲಿ ಅದಿತ್ತಂತೆ. “ಇದು ಯಾವಾಗ ಬರತೈತ್ರಿ, ಅಕ್ಕಾರ? ನಾನೂ ಇದರ ಹಾದೀನ ನೋಡಾಕತ್ತೇನಿ.”

“ಅದರ ಹಾದಿ ನೋಡಬ್ಯಾಡ್ರಿ ತಾಯಿ,” ಎಂದಳು ಮೃಣಾಲಿನಿ. “ನಾಳೆ ನನ್ನ ಜೋಡಿ ಬರ್ರಿ. ಚೀಟಿ ಕೇಳೋಣು.”

ಸೋಮವಾರ ರಜೆ ಹಾಕಿ ಅವಳೇ ಪದ್ಮವ್ವನನ್ನು ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದಳು. ಮೂರು ಕಿಟಕಿ ದಾಟಿದರು. ನಾಲ್ಕನೆಯದರಲ್ಲಿ ಮೃಣಾಲಿನಿ ಚೀಟಿ ಕೇಳಿದಳು, ವಾದಿಸಿದಳು, ಕೈ ಮುಗಿದಳು, ಕಡೆಗೆ ಕೂಗಾಡಿದಳು. ಕಿಟಕಿಯೊಳಗಿನ ಹೆಂಗಸು ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡು, ಬಹಳ ಮೆತ್ತನೆಯ ದನಿಯಲ್ಲಿ, “ಇಲ್ಲೇ ಮಾಡ್ತೀವ್ರಿ, ಚೀಟಿ ಕೊಡಾಕ ಬರೂದಿಲ್ಲ,” ಎಂದು ಹೇಳಿ ಸರದಿಯ ತಾರೀಖು ಬರೆದುಕೊಟ್ಟಳು. ಬರುವ ದೀಪಾವಳಿಯ ಆಚೆಗಿತ್ತು ಅದು.

ಮೆಟ್ಟಿಲ ಮೇಲೆ ಮೃಣಾಲಿನಿ ಕೂತುಬಿಟ್ಟಳು. ಪದ್ಮವ್ವ ಒಂದು ಕೈಯಿಂದ ಹೊಟ್ಟೆ ಒತ್ತಿ ಹಿಡಿದು ಪಕ್ಕದಲ್ಲಿ ಮೆಲ್ಲಗೆ ಕೂತಳು. ಇನ್ನೊಂದರಿಂದ ಅವಳ ಬೆನ್ನು ಸವರಿದಳು.

“ಅಳಬ್ಯಾಡ ತಂಗಿ,” ಎಂದಳು. “ಕಾಯಾಕೇನು ರೊಕ್ಕಾ ಬೀಳೂದಿಲ್ಲಲ್ಲ.”