ಬುಲೆಟ್ಟಿಗೆ ಬಿದ್ದ ಹೂವು

ನಮ್ಮಪ್ಪನ ಬುಲೆಟ್ಟನ್ನು ನೆನೆಸಿಕೊಂಡರೆ ನನಗೆ ಈಗಲೂ ಹೇಸಿಗೆ ಬರುತ್ತದೆ. ಅಪ್ಪ ಸತ್ತ ಮೇಲೆ ಮಸ್ಕಿಯ ನಮ್ಮ ಮನೆಯ ಹಿತ್ತಲಲ್ಲಿ, ಹತ್ತಿಕಟ್ಟಿಗೆಯ ರಾಶಿಯ ಪಕ್ಕದಲ್ಲಿ ಅದನ್ನು ನಿಲ್ಲಿಸಿದ್ದರು. ಸೀಟಿನೊಳಗೆ ಇಲಿಗಳು ಸಂಸಾರ ಹೂಡಿದ್ದವು. ಟ್ಯಾಂಕಿನ ತುಂಬ ಪಾರಿವಾಳದ ಹಿಕ್ಕೆ. ಆದರೂ ನಮ್ಮಣ್ಣ ಸೂಗಪ್ಪ ಸೋಮವಾರಕ್ಕೊಮ್ಮೆ ಹೋಗಿ ಅದರ ಹೆಡ್‌ಲೈಟಿಗೆ ವಿಭೂತಿ ಬಳಿದು ಬರುತ್ತಿದ್ದ. ಹಿಕ್ಕೆಯನ್ನು ಮಾತ್ರ ಒರೆಸುತ್ತಿರಲಿಲ್ಲ.

ತೊಂಬತ್ತೊಂದರಲ್ಲಿ ನನಗೆ ಪಾಮನಕಲ್ಲೂರಿನ ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿತು. ಚಿಕ್ಕಂದಿನ ಪೋಲಿಯೊದಿಂದ ನನ್ನ ಬಲಗಾಲು ಸೊರಗಿದೆ, ಕೋಲು ಹಿಡಿದು ನಡೆಯುತ್ತೇನೆ. ಬಸ್ಸು ಹತ್ತಬೇಕಾದರೆ ಯಾರಾದರೂ ಕಂಕುಳಿಗೆ ಕೈಹಾಕಿ ಎತ್ತಬೇಕು. ಎತ್ತಲು ಬರುವ ಕೈಗಳೆಲ್ಲ ಎತ್ತಿ ಸುಮ್ಮನಾಗುವುದಿಲ್ಲ. ಅದಕ್ಕೇ ನನ್ನದೇ ಒಂದು ಗಾಡಿ ಬೇಕಾಗಿತ್ತು. ಯಾರ ಕೈಯೂ ಮೈಗೆ ತಾಗದೆ ಶಾಲೆಗೆ ಹೋಗಿ ಬರಬೇಕು, ಅಷ್ಟೇ.

ಸಿಂಧನೂರಿನ ದಸ್ತಗೀರ್‌ಸಾಬ್ ನನ್ನಂಥವರಿಗೆಂದು ಗಾಡಿಯ ಹಿಂದಿನ ಗಾಲಿಯ ಎರಡೂ ಬದಿಗೆ ಸಣ್ಣ ಗಾಲಿ ಕೂಡಿಸಿ ಕೊಡುತ್ತಿದ್ದರು. ಯಾವ ಗಾಡಿಗೆ ಕೂಡಿಸುವುದು ಎಂಬುದಷ್ಟೇ ತೀರ್ಮಾನವಾಗಬೇಕಿತ್ತು. ಲಿಂಗಸುಗೂರಿನ ಅಂಗಡಿಯೊಂದರಲ್ಲಿ ಗುಂಡಿ ಒತ್ತಿದರೆ ಶುರುವಾಗುವ ಹೊಸ ಗಾಡಿ ಬಂದಿತ್ತು. ಗೇರಿಲ್ಲ, ಬ್ರೇಕೆಲ್ಲ ಕೈಯಲ್ಲೇ. ನಾನು ಅದರ ಮೇಲೆ ಕೂತು ನೋಡಿಯೂ ಬಂದಿದ್ದೆ.

ಅಪ್ಪನ ತಮ್ಮ, ನಮ್ಮ ಕಾಕಾ ಅಮರಗುಂಡಪ್ಪನಿಗೆ ಅದನ್ನು ಕೇಳಿಯೇ ಮೂಗು ಮುರಿಯುವಂತಾಯಿತು.

"ಅದೂ ಒಂದ್ ಗಾಡೇನವಾ? ಹೊಲಿಗಿ ಮಿಷನ್ ಇದ್ದಂಗ ಐತಿ. ನಿಮ್ಮಪ್ಪನ ಬುಲೆಟ್ ಮನ್ಯಾಗ ನಿಂತೈತಿ, ಅದಕ್ಕ ಗಾಲಿ ಹಚ್ಚಸೋಣು. ನಾಕ್ ಮಂದಿ ತಿರುಗಿ ನೋಡಬೇಕು."

"ಕಾಕಾ, ಬುಲೆಟ್ಟಿಂದು ಗೇರೂ ಬಲಗಾಲಿಗೇ, ಕಿಕ್ಕೂ ಬಲಗಾಲಿಗೇ ಐತ್ರಿ. ನನ್ನ ಬಲಗಾಲು ಹೆಂಗೈತಿ ನಿಮಗ ಗೊತ್ತಿಲ್ಲೇನ್ರಿ?"

"ಅದನ್ನೆಲ್ಲ ದಸ್ತಗೀರ ನೋಡ್ಕೊಂತಾನ. ದೇವರ ಅಪ್ಪಣಿ ಕೇಳೋಣು."

ಹೊಲ ಕೊಳ್ಳಲಿ, ಹೆಣ್ಣು ತರಲಿ, ನಮ್ಮ ಮನೆಯಲ್ಲಿ ವೀರಭದ್ರನ ಮೂರ್ತಿಯ ಎಡಕ್ಕೊಂದು ಬಲಕ್ಕೊಂದು ಒದ್ದೆ ಹೂವು ಅಂಟಿಸಿ ಕೇಳುವ ಪದ್ಧತಿ. ಬಲದ ಹೂ ಬಿದ್ದರೆ ಆಗಲಿ ಎಂದು, ಎಡದ್ದು ಬಿದ್ದರೆ ಬೇಡವೆಂದು. ಕಾಕಾ ಎಡದ ಹೂವಿಗೆ ಗಂಧವನ್ನು ದಪ್ಪಗೆ ಮೆತ್ತಿದ. ಬಲದ್ದಕ್ಕೆ ಬರೀ ನೀರು. ನಾನು ನೋಡಿದೆ. ನಾನು ನೋಡಿದ್ದನ್ನು ಅವನೂ ನೋಡಿದ.

"ಅಣ್ಣನ ಗಾಡಿ ಮತ್ತ ಓಡಾಡ್ಲೇನು ತಂದಿ?" ಎಂದು ಕೇಳಿದ.

ಯಾವ ದೇವರು ಬೇಡ ಎಂದಾನು? ಬಲದ ಹೂ ಬಿತ್ತು. ಅವ್ವ ಕಣ್ಣೊರೆಸಿಕೊಂಡಳು. ಕಾಕಾ ಗಂಧದ ಬೆರಳಿನಲ್ಲೇ ಎಲ್ಲರಿಗೂ ಸಕ್ಕರೆ ಹಂಚಿದ. ನಾನು ನನ್ನ ಪಾಲಿನ ಸಕ್ಕರೆಯನ್ನು ಹಿತ್ತಲಿಗೆ ಚೆಲ್ಲಿದೆ.

ದಸ್ತಗೀರ್‌ಸಾಬ್ ಗಾಲಿ ಕೂಡಿಸಿದರು, ಗೇರನ್ನೂ ಬ್ರೇಕನ್ನೂ ಕೈಗೆ ತಂದರು. "ಕಿಕ್ಕ ಮಾತ್ರ ಕೈಗೆ ಬರಂಗಿಲ್ಲವಾ," ಎಂದರು.

"ಮುಂಜಾನಿ ನಾ ಹೊಡದು ಕೊಡ್ತೀನಿ," ಎಂದ ಅಣ್ಣ.

"ಸಂಜಿಕ?"

"ಯಾಕ, ಆ ಊರಾಗ ಗಂಡಸ್ರು ಇಲ್ಲೇನು?"

ಇದ್ದರು. ಮೊದಲ ದಿನ ಶಾಲೆ ಬಿಟ್ಟಾಗ ಗಂಡಸರ ಹಿಂಡೇ ನೆರೆಯಿತು. ನಾನು ಸೀಟಿನ ಮೇಲೆ ಕೂತು ಎಕ್ಸಿಲರೇಟರ್ ಹಿಡಿದಿರಬೇಕು, ಅವರು ಒಬ್ಬರಾದ ಮೇಲೊಬ್ಬರು ಪಕ್ಕದಲ್ಲಿ ನಿಂತು ತುಳಿಯಬೇಕು. ಮುದಿ ಗಾಡಿ ಕೆಮ್ಮಿ ಕೆಮ್ಮಿ ಸುಮ್ಮನಾಗುತ್ತಿತ್ತು. ಕಟ್ಟೆಯ ಮೇಲೆ ಕೂತಿದ್ದ ಒಬ್ಬ ಎಲೆಯಡಿಕೆ ಉಗುಳಿ, ಕೈಯನ್ನು ಧೋತರಕ್ಕೆ ಒರೆಸಿಕೊಂಡು ಬಂದ. ಆಸರೆಗೆಂಬಂತೆ ಆ ಕೈಯನ್ನು ನನ್ನ ಬಲತೊಡೆಯ ಮೇಲೆ ಊರಿದ. ಸೊರಗಿದ ಕಾಲು, ಇವಳಿಗೇನು ಗೊತ್ತಾದೀತು ಎಂದುಕೊಂಡಿರಬೇಕು. ಗೊತ್ತಾಗುತ್ತದೆ. ಕೋಲಿನಿಂದ ಅವನ ಮುಂಗೈಗೆ ಬಾರಿಸಿದೆ.

"ಉಪಕಾರ ಮಾಡಾಕ ಬಂದ್ರ ಹಿಂಗೇನ್ರಿ ಟೀಚರಮ್ಮ?" ಎಂದು ನಕ್ಕ. ಉಳಿದವರೂ ನಕ್ಕರು. ದರಿದ್ರ ಗಾಡಿ ಅವನ ಮುಂದಿನ ಕಿಕ್ಕಿಗೇ ಶುರುವಾಯಿತು.

ಮನೆಗೆ ಬಂದವಳೇ ಸೀರೆ ಬಿಚ್ಚಿ ನೆನೆಹಾಕಿದೆ. ಆ ತೊಡೆಯನ್ನು ತಿಕ್ಕಿ ತಿಕ್ಕಿ ತೊಳೆದೆ. ಪಡಸಾಲೆಯಲ್ಲಿ ಕಾಕಾ, ಅಣ್ಣ ಚಹಾ ಕುಡಿಯುತ್ತಿದ್ದರು. ನಡೆದದ್ದನ್ನು ಹೇಳಿದೆ. ಅಣ್ಣ ತಲೆ ತಗ್ಗಿಸಿದ. ಕಾಕಾ ಬಸಿಯಲ್ಲಿದ್ದ ಚಹಾವನ್ನು ಸೊರ್ ಎಂದು ಹೀರಿ ಮುಗಿಸಿದ ಮೇಲೆ ಬಾಯಿ ತೆರೆದ.

"ದೇವರು ಹೂ ಕೊಟ್ಟಾನ. ಈಗ ಬ್ಯಾಡ ಅನ್ನಾಕ ಬರಂಗಿಲ್ಲ. ಸಂಜಿಕ ಕಿಕ್ ಹೊಡ್ಯಾಕ ಯಾರರೆ ವಯಸ್ಸಾದವರನ್ನ ಗೊತ್ತು ಮಾಡೋಣು."

ನಾನು ಮೂರ್ತಿಯ ಮುಂದೆ ಹೋಗಿ ಕೂತೆ. ಎರಡು ಹೂ ಅಂಟಿಸಿದೆ, ಎರಡಕ್ಕೂ ಬರೀ ನೀರು. "ಲಿಂಗಸುಗೂರಿನ ಗಾಡಿ ತರ್ಲೇನು?" ಎಂದು ಎಲ್ಲರಿಗೂ ಕೇಳುವಂತೆ ಕೇಳಿದೆ. ಕಾಕಾ, ಅಣ್ಣ, ಅವ್ವ ಮೂವರೂ ಬಂದು ಹಿಂದೆ ನಿಂತರು. ಎಷ್ಟು ಹೊತ್ತಾದರೂ ಒಂದು ಹೂವೂ ಅಲುಗಲಿಲ್ಲ.

"ನೋಡವಾ, ಅಪ್ಪಣಿ ಇಲ್ಲ," ಎಂದ ಕಾಕಾ.

ನಾನು ಕೈಚಾಚಿ ಬಲದ ಹೂವನ್ನು ತೆಗೆದು ಮುಡಿದುಕೊಂಡೆ.

"ಏನ್ ಮಾಡಿದೆವಾ ಇದು? ಹೂ ತಾನ ಬೀಳಬೇಕು," ಎಂದಳು ಅವ್ವ.

"ಅವತ್ತಿಂದೂ ತಾನ ಬಿದ್ದಿಲ್ಲಬೇ. ಗಂಧ ಯಾವ ಕಡಿ ಹೂವಿಗೆ ಮೆತ್ತಿದ್ರು ಅಂತ ಕಾಕಾನ್ನ ಕೇಳು."

ಅವ್ವ ಕಾಕಾನ ಕಡೆ ತಿರುಗಿದಳು. ಅವನು ಏನೂ ಅಂಟದ ಬೆರಳುಗಳನ್ನು ಧೋತರಕ್ಕೆ ಒರೆಸಿಕೊಂಡ. ಪಾಮನಕಲ್ಲೂರಿನವನೂ ಕೈಯನ್ನು ಹಾಗೇ ಒರೆಸಿಕೊಂಡು ಬಂದಿದ್ದ.

ಮರುದಿನ ಲಿಂಗಸುಗೂರಿನ ಬಸ್ಸಿಗೆ ನನ್ನನ್ನು ಎತ್ತಿ ಹತ್ತಿಸಿದವಳು ಅವ್ವ.